ಒಂದೇ ಹಿತ್ತಿಲು, ಎರಡು ಮನೆ: ಒಂದು ಕೃತಜ್ಞತಾ ಕೂಟದ ಪ್ರಕರಣ

ಮನೆಯಲ್ಲಿ ಒಳ್ಳೆಯದಾದಾಗ ದೇವರಿಗೆ ಸ್ತೋತ್ರ ಹೇಳುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಊಟಕ್ಕೆ ಮೊದಲು, ಮಲಗುವ ಮೊದಲು, ಮಗುವಿನ ಜ್ವರ ಬಿಟ್ಟಾಗ ಅದು ತಾನಾಗಿ ಬಾಯಿಗೆ ಬರುತ್ತದೆ. ಆದರೆ ನಮ್ಮ ಮನೆಯಲ್ಲಿ ಪ್ರಾಣ ಉಳಿದ ವರ್ಷವೇ ಪಕ್ಕದ ಮನೆಯಲ್ಲಿ ಪ್ರಾಣ ಹೋದರೆ? ಎರಡೂ ಮನೆಯವರು ಒಂದೇ ಕ್ರೈಸ್ತ ಸಭೆಯವರಾಗಿ, ಎರಡೂ ರೋಗಿಗಳಿಗಾಗಿ ಅದೇ ಜನ ಪ್ರಾರ್ಥಿಸಿದ್ದರೆ? ಆಗ ಸ್ತೋತ್ರವನ್ನು ಹೇಗೆ ಹೇಳಬೇಕು, ಯಾರೆದುರು ಹೇಳಬೇಕು? ಉಡುಪಿಯ ಹತ್ತಿರದ ಒಂದು ಸಭೆಯಲ್ಲಿ ಈ ಪ್ರಶ್ನೆ ಎದ್ದಿತ್ತು. ಮನೆ ಭೇಟಿಗೆ ಹೋಗುವ ಹೆಂಗಸರಲ್ಲಿ ನಾನೂ ಒಬ್ಬಳಾದ್ದರಿಂದ ಮೊದಲಿಂದ ಕೊನೆಯವರೆಗೆ ಇದನ್ನು ಹತ್ತಿರದಿಂದ ನೋಡಿದೆ. ಎರಡೂ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮನೆಯವರು

ಗದ್ದೆ ಬಯಲಿನ ಅಂಚಿನಲ್ಲಿ ಒಂದು ಹಿತ್ತಿಲು. ಎದುರಿಗೆ ಅಣ್ಣನ ಮನೆ, ಹಿಂದೆ ತಮ್ಮನ ಮನೆ, ನಡುವೆ ಇಬ್ಬರಿಗೂ ಸೇರಿದ ಬಾವಿ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ ಮೇಲೆ ಕರಾವಳಿಯಲ್ಲಿ ಬೆಳೆದ ಸಭೆಗಳಿಗೆ ಸೇರಿದ ಕುಟುಂಬ ಇದು. ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದು ಈ ಜಾಗ ಕೊಂಡದ್ದು. ಮನೆಯಲ್ಲಿ ತುಳು ಮಾತಾಡುತ್ತಾರೆ, ಪ್ರಾರ್ಥನೆಗೆ ಕೂತರೆ ಕನ್ನಡ. ರಾತ್ರಿ ಊಟಕ್ಕೆ ಮೊದಲು ಎರಡೂ ಮನೆಯವರು ಎದುರಿನ ಮನೆಯ ಜಗಲಿಯಲ್ಲಿ ಒಟ್ಟಿಗೆ ಕೂತು ಕೀರ್ತನೆ ಓದುವುದು ಅಜ್ಜನ ಕಾಲದ ರೂಢಿ.

ಅಣ್ಣನಿಗೆ 57 ವರ್ಷ, ಪೇಟೆಯಲ್ಲಿ ಟೈಲರ್ ಅಂಗಡಿ. ತಮ್ಮನಿಗೆ 49. ರಿಕ್ಷಾ ಓಡಿಸುತ್ತಿದ್ದರು, ಮಳೆಗಾಲದಲ್ಲಿ ಗದ್ದೆಯನ್ನೂ ನೋಡಿಕೊಳ್ಳುತ್ತಿದ್ದರು.

ಮೇ ತಿಂಗಳಿಂದ ಆಗಸ್ಟ್‌ವರೆಗೆ

ಮೇ ತಿಂಗಳ ಒಂದು ರಾತ್ರಿ ಅಣ್ಣನಿಗೆ ಎದೆ ನೋವು ಬಂತು. ತಮ್ಮ ತನ್ನ ರಿಕ್ಷಾದಲ್ಲೇ ಆಸ್ಪತ್ರೆಗೆ ಮುಟ್ಟಿಸಿದರು. ಮೂರು ರಕ್ತನಾಳಗಳಲ್ಲಿ ತಡೆ ಇತ್ತು, ಬೈಪಾಸ್ ಆಗಬೇಕು ಅಂದರು. ರಕ್ತ ಕೊಡುವವರನ್ನು ಹುಡುಕಿದ್ದು ತಮ್ಮ. ಹಣ ಹೊಂದಿಸಿದ್ದು ತಮ್ಮ. ಅಣ್ಣ ಆಸ್ಪತ್ರೆಯಲ್ಲಿ ಇದ್ದಷ್ಟು ರಾತ್ರಿಯೂ ಹೊರಗೆ ಚಾಪೆ ಹಾಸಿ ಮಲಗಿದ್ದೂ ಅವರೇ. ಆಪರೇಷನ್ ನಡೆಯುತ್ತಿದ್ದಾಗ ಅಣ್ಣನ ಹೆಂಡತಿ ಬಾಗಿಲ ಹೊರಗೆ ನಿಂತು ಒಂದು ಹರಕೆ ಹೇಳಿಕೊಂಡರು: ಇವರು ಜೀವಂತ ಮನೆಗೆ ಬಂದರೆ ಸಭೆಯವರನ್ನೆಲ್ಲ ಕರೆದು ಕೃತಜ್ಞತಾ ಕೂಟ ಮಾಡಿ ಊಟ ಹಾಕುತ್ತೇನೆ.

ಅವರು ಮನೆಗೆ ಬಂದರು. ಕೂಟವನ್ನು ಸೆಪ್ಟೆಂಬರ್‌ನಲ್ಲಿ ಇಟ್ಟುಕೊಳ್ಳುವುದು ಎಂದಾಯಿತು.

ಜುಲೈಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವ ಕೆಲಸ. ತಮ್ಮನ ಕಾಲಲ್ಲಿ ಒಂದು ಗಾಯ ಇತ್ತು. ದಿನವಿಡೀ ಕೆಸರು ನೀರಲ್ಲಿ ನಿಂತರು. ಆಮೇಲೆ ಜ್ವರ ಬಂತು. ಮಳೆಗಾಲದ ಜ್ವರ ಅಲ್ವಾ ಅಂತ ಪ್ಯಾರಾಸಿಟಮಾಲ್ ತಿಂದು ನಾಲ್ಕು ದಿನ ಕಳೆದರು. ಮೀನಖಂಡ ವಿಪರೀತ ನೋಯುತ್ತಿತ್ತು, ಕಣ್ಣು ಕೆಂಪಾಗಿತ್ತು. ಐದನೇ ದಿನ ಮೂತ್ರ ಕಡಿಮೆಯಾಗಿ, ಮೈ ಹಳದಿ ತಿರುಗಿದ ಮೇಲೆ ಆಸ್ಪತ್ರೆಗೆ ಹೋದರು. ಇಲಿ ಜ್ವರ. ಇಲಿ, ದನಗಳ ಮೂತ್ರದಿಂದ ನೀರಿಗೆ ಸೇರುವ ರೋಗಾಣು ಗಾಯದ ಮೂಲಕ ಒಳಗೆ ಹೋಗಿ ಬರುವ ಕಾಯಿಲೆ ಇದು. ಬೇಗ ಗೊತ್ತಾದರೆ ಆಂಟಿಬಯಾಟಿಕ್‌ನಲ್ಲಿ ವಾಸಿಯಾಗುತ್ತದೆ. ತಡವಾದರೆ ಕಿಡ್ನಿ, ಲಿವರ್ ಎರಡಕ್ಕೂ ಹೊಡೆತ. ಸಭೆಯವರು ಮೇ ತಿಂಗಳಲ್ಲಿ ಮಾಡಿದ ಹಾಗೆಯೇ ಸೇರಿ ಪ್ರಾರ್ಥಿಸಿದರು. ಅದೇ ಜಗಲಿ, ಅದೇ ಜನ, ಅದೇ ಕಣ್ಣೀರು. ತಮ್ಮ ಉಳಿಯಲಿಲ್ಲ.

ಆಗಸ್ಟ್ ಕೊನೆಗೆ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಕೂಟದ ಆಮಂತ್ರಣ ಬಂತು. ಮೊದಲೇ ಬರೆದಿಟ್ಟದ್ದನ್ನು ಅಣ್ಣನ ಮಗ ದಿನಾಂಕ ಸೇರಿಸಿ ಹಾಗೆಯೇ ಹಾಕಿದ್ದ. ಅದರಲ್ಲಿ ಹೀಗಿತ್ತು: "ನಂಬಿದವರನ್ನು ಕೈಬಿಡದ ದೇವರು ನಮ್ಮ ಕಣ್ಣೀರಿನ ಪ್ರಾರ್ಥನೆಗೆ ಉತ್ತರ ಕೊಟ್ಟಿದ್ದಾನೆ."

ಹಿಂದಿನ ಮನೆಯ ತಂಗಿ, ಅಂದರೆ ತಮ್ಮನ ಹೆಂಡತಿ, ಅದನ್ನು ಓದಿದರು. ಮರುದಿನದಿಂದ ರಾತ್ರಿಯ ಪ್ರಾರ್ಥನೆಗೆ ಜಗಲಿಗೆ ಬರುವುದನ್ನು ಬಿಟ್ಟರು. ಭಾನುವಾರ ಚರ್ಚಿಗೂ ಬರಲಿಲ್ಲ. ನಾವು ಮನೆಗೆ ಹೋದಾಗ ಅಳಲಿಲ್ಲ, ಜಗಳ ಮಾಡಲಿಲ್ಲ. ಚಹಾ ಕೊಟ್ಟು ಒಂದೇ ಮಾತು ಕೇಳಿದರು. "ಅಕ್ಕ, ನಾವು ನಂಬಿರಲಿಲ್ವಾ?"

ಮೂರು ಜನ, ಮೂರು ಗಂಟು

ಮೇಲ್ನೋಟಕ್ಕೆ ಇದು ಎರಡು ಮನೆಗಳ ನಡುವಿನ ಬೇಸರ. ಸ್ವಲ್ಪ ಕೂತು ಕೇಳಿದಾಗ ಮೂರು ಬೇರೆ ಬೇರೆ ಗಂಟುಗಳು ಕಂಡವು.

ಅಣ್ಣನ ಹೆಂಡತಿಗೆ ಹೆದರಿಕೆ. ಮೈದುನನ ಸಾವಿಗೆ ಅವರಷ್ಟು ಅತ್ತವರು ಕಡಿಮೆ. ಕೂಟವನ್ನು ನಿಲ್ಲಿಸಲು ಅವರಿಗೂ ಮನಸ್ಸಿತ್ತು. ಧೈರ್ಯ ಇರಲಿಲ್ಲ. ದೇವರಿಗೆ ಹೊತ್ತ ಹರಕೆಯನ್ನು ತೀರಿಸಲು ತಡ ಮಾಡಬೇಡ ಎಂಬ ಸತ್ಯವೇದದ (ಬೈಬಲಿನ) ಪ್ರಸಂಗಿ 5ನೇ ಅಧ್ಯಾಯದ ಮಾತು ಅವರಿಗೆ ಬಾಯಿಪಾಠ. "ತೀರಿಸದಿದ್ದರೆ ಕೊಟ್ಟದ್ದನ್ನು ವಾಪಸ್ ತಗೊಂಡ್ರೆ?" ಅಂದರು. ಇದನ್ನು ಹೇಳುವಾಗ ಅವರ ಕೈ ನಡುಗುತ್ತಿತ್ತು. ಇಷ್ಟು ಹೆದರಿಕೆ ತುಂಬಿದ ಸ್ತೋತ್ರದಲ್ಲಿ ಸಂತೋಷಕ್ಕೆ ಜಾಗ ಎಲ್ಲಿ? ಸಾಲ ಕೊಟ್ಟವನು ಬಾಗಿಲಿಗೆ ಬರುವ ಮೊದಲೇ ಕಂತು ಕಟ್ಟುವ ಹಾಗಿತ್ತು ಅದು. ನಮ್ಮ ಮನೆಗಳಲ್ಲಿ ಎಷ್ಟೋ ಕೃತಜ್ಞತೆಗಳ ಅಡಿಯಲ್ಲಿ ಈ ಭಯ ಇರುತ್ತದೆ ಎಂದು ನನಗೆ ಅನ್ನಿಸುತ್ತದೆ. ಅದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಅಣ್ಣನದ್ದು ಇನ್ನೊಂದು. ಅವರಿಗೆ ಸ್ತೋತ್ರವೇ ಬರುತ್ತಿರಲಿಲ್ಲ. "ನನಗಾಗಿ ಓಡಿದವನು ಹೋದ, ನಾನು ಕೂತಿದ್ದೇನೆ" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಬೆಳಿಗ್ಗೆ ನಡೆಯಲು ಹೋಗುವುದನ್ನು ನಿಲ್ಲಿಸಿದ್ದರು. ಮಾತ್ರೆ ಕೆಲವು ದಿನ ತಿನ್ನುತ್ತಿದ್ದರು, ಕೆಲವು ದಿನ ಇಲ್ಲ. ಬೈಪಾಸ್ ಆದವರು ಮಾತ್ರೆ ಬಿಡುವುದು ಎಂದರೆ ಸಣ್ಣ ಮಾತಲ್ಲ. ಉಳಿದು ಬಂದ ಜೀವವನ್ನು ತನ್ನದೆಂದು ಒಪ್ಪಿಕೊಳ್ಳಲು ಅವರಿಗೆ ನಾಚಿಕೆ ಆಗುತ್ತಿತ್ತು.

ತಂಗಿಯ ಪ್ರಶ್ನೆಗೆ ಬಂದರೆ, ದೇವರಿದ್ದಾನೋ ಇಲ್ಲವೋ ಎಂದು ಅವರು ಕೇಳಿರಲಿಲ್ಲ. ಬಾವ ಬದುಕಿದ್ದಕ್ಕೆ ಹೊಟ್ಟೆಕಿಚ್ಚೂ ಇರಲಿಲ್ಲ. ಬಾವನಿಗೆ ಕುಚ್ಚಲಕ್ಕಿ ಗಂಜಿ ಮಾಡಿ ಕಳಿಸಿದವರೇ ಅವರು. ಅವರನ್ನು ಚುಚ್ಚಿದ್ದು ಆಮಂತ್ರಣದ ಆ ಒಂದು ಸಾಲು. ಅದರ ಲೆಕ್ಕದಲ್ಲಿ ಬದುಕಿದವರು ನಂಬಿದವರು. ಹಾಗಾದರೆ ಸತ್ತವರು?

ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಪ್ರಾರ್ಥನೆಗೆ ಬಂದ ಫರಿಸಾಯನ, ಅಂದರೆ ತಾನೇ ನೀತಿವಂತ ಎಂದುಕೊಂಡ ಧರ್ಮನಿಷ್ಠನ, ಮಾತು ಕೃತಜ್ಞತೆಯಿಂದಲೇ ಶುರುವಾಗುತ್ತದೆ. ತಾನು ಉಳಿದವರ ಹಾಗಿಲ್ಲ ಎಂದು ದೇವರಿಗೆ ಸ್ತೋತ್ರ ಹೇಳುತ್ತಾನೆ. ಈ ಮನೆಯವರು ಫರಿಸಾಯರಲ್ಲ, ಅಂಥ ಅಹಂಕಾರ ಅವರಲ್ಲಿ ಎಳ್ಳಷ್ಟೂ ಇಲ್ಲ. ಆದರೂ ಪಕ್ಕದವರ ಜೊತೆ ಹೋಲಿಸುವ ಸ್ತೋತ್ರ ಒಳ್ಳೆಯವರ ಬಾಯಲ್ಲೂ ಗೊತ್ತಿಲ್ಲದೆ ಬಂದುಬಿಡುತ್ತದೆ. "ಅಪಘಾತದಲ್ಲಿ ಎಲ್ಲರೂ ಹೋದರು, ದೇವರು ನನ್ನನ್ನು ಮಾತ್ರ ಉಳಿಸಿದ" ಎಂಬ ಸಾಕ್ಷಿಯನ್ನು ನಾವೆಲ್ಲ ಕೇಳಿದ್ದೇವೆ. ಹೋದವರ ಮನೆಯವರು ಆ ಬೆಂಚಿನಲ್ಲಿ ಕೂತಿದ್ದರೆ ಅವರಿಗೆ ಏನು ಕೇಳಿಸುತ್ತದೆ ಎಂದು ಯಾರೂ ಯೋಚಿಸುವುದಿಲ್ಲ.

ಸಭೆಯಲ್ಲಿ ಬಂದ ಸಲಹೆಗಳು

ಕೆಲವರು ಕೂಟ ನಡೆಯಲೇಬೇಕು ಅಂದರು. ದೇವರಿಗೆ ಕೊಟ್ಟ ಮಾತು, ಮನುಷ್ಯರ ಬೇಸರ ನೋಡಿ ನಿಲ್ಲಿಸಬಾರದು. ಇನ್ನು ಕೆಲವರು ರದ್ದು ಮಾಡಿ ಆ ಹಣವನ್ನು ಸುಮ್ನೆ ಕಾಣಿಕೆ ಪೆಟ್ಟಿಗೆಗೆ ಹಾಕಿ ಅಂದರು. ಒಂದು ವರ್ಷ ಮುಂದೆ ಹಾಕಿ ಎನ್ನುವವರೇ ಜಾಸ್ತಿ.

ಮುಂದೆ ಹಾಕುವುದು ಸುಲಭದ ದಾರಿ ಎಂದು ಮೊದಲು ನನಗೂ ಅನ್ನಿಸಿತ್ತು. ಆದರೆ ಅದರಿಂದ ಮೂರು ಗಂಟುಗಳಲ್ಲಿ ಒಂದೂ ಬಿಚ್ಚುತ್ತಿರಲಿಲ್ಲ. ಅತ್ತಿಗೆಯ ಭಯ ಒಂದು ವರ್ಷ ಬೆಳೆಯುತ್ತಿತ್ತು. ಅಣ್ಣನ ಮೌನವೂ ಹಾಗೆಯೇ. ಆ ಸಾಲು ತಪ್ಪು ಎಂದು ತಂಗಿಗೆ ಯಾರೂ ಹೇಳಿದಂತಾಗುತ್ತಿರಲಿಲ್ಲ.

ಈ ನಡುವೆ ಒಂದು ಸಣ್ಣ ಸಂಗತಿ ನಡೆಯಿತು. ಸೆಪ್ಟೆಂಬರ್ 8, ಮೊಂತಿ ಹಬ್ಬ. ಮರಿಯಮ್ಮನವರ ಹುಟ್ಟುಹಬ್ಬದ ದಿನ ನಮ್ಮ ಕಡೆಯ ಕೆಥೊಲಿಕರು ಚರ್ಚಿನಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಮನೆಮಂದಿಯೆಲ್ಲ ಸೇರಿ ಹೊಸ ಅಕ್ಕಿಯ ಕಾಳು ತಿಂದು, ತರಕಾರಿಯ ಊಟ ಮಾಡುತ್ತಾರೆ. ಪಕ್ಕದ ಹಿತ್ತಿಲಿನ ಕೆಥೊಲಿಕ್ ಬಾಯಮ್ಮ ಪ್ರತಿ ವರ್ಷ ಎರಡೂ ಮನೆಗೆ ಪಾಯಸ ಕಳಿಸುವವರು. ಈ ಸಲ ಹಿಂದಿನ ಮನೆಗೆ ತಾವೇ ತಂದರು. ಹಬ್ಬದ ಮಾತು ಆಡಲಿಲ್ಲ. ಸ್ವಲ್ಪ ಹೊತ್ತು ಕೂತು, "ನಿಮ್ಮ ಯಜಮಾನರು ಕಳೆದ ವರ್ಷ ಎರಡು ಸಲ ಹಾಕಿಸಿಕೊಂಡು ತಿಂದಿದ್ರು" ಎಂದು ನೆನಪಿಸಿ ಎದ್ದರು. ತಂಗಿ ಪಾಯಸ ತಿಂದರು. ತಮ್ಮ ಹಬ್ಬವನ್ನು ಆ ತಾಯಿ ಬಿಡಲಿಲ್ಲ, ಅದನ್ನು ಇವರ ಮೇಲೆ ಹೇರಲೂ ಇಲ್ಲ. ನಾವು ಕಮಿಟಿಯಲ್ಲಿ ಕೂತು ಹುಡುಕುತ್ತಿದ್ದ ಉತ್ತರದ ಅರ್ಧ ಭಾಗ ಅಲ್ಲೇ ಇತ್ತು.

ಅಯ್ಯನವರು ಓದಿಸಿದ ಎರಡು ಭಾಗ

ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಉಪದೇಶ ಮಾಡಲಿಲ್ಲ. ಅಣ್ಣ ಮತ್ತು ಅತ್ತಿಗೆಯನ್ನು ಕೂರಿಸಿಕೊಂಡು ಸತ್ಯವೇದದ ಎರಡು ಭಾಗ ಓದಿಸಿದರು.

ಮೊದಲನೆಯದು 116ನೇ ಕೀರ್ತನೆ. ಸಾವಿನ ಬಲೆಯಿಂದ ಪಾರಾಗಿ ಬಂದವನ ಸ್ತೋತ್ರ ಅದು. ಹರಕೆ ತೀರಿಸುವ ಮನೆಗಳಲ್ಲಿ ಇದನ್ನು ಓದುವುದುಂಟು. ಅತ್ತಿಗೆಯೂ ಕೂಟಕ್ಕೆ ಅದನ್ನೇ ಆರಿಸಿದ್ದರು. 14ನೇ ವಚನದಲ್ಲಿ ಕೀರ್ತನೆಕಾರನು ದೇವಜನರೆಲ್ಲರ ಮುಂದೆ ತನ್ನ ಹರಕೆ ಸಲ್ಲಿಸುತ್ತೇನೆ ಎನ್ನುತ್ತಾನೆ. 18ನೇ ವಚನದಲ್ಲಿ ಅದೇ ಮಾತು ಮತ್ತೆ ಬರುತ್ತದೆ. ಅಯ್ಯನವರು ಬೆರಳಿಟ್ಟು ತೋರಿಸಿದ್ದು ನಡುವಿನ 15ನೇ ವಚನವನ್ನು. ತನ್ನ ಭಕ್ತರ ಮರಣ ದೇವರಿಗೆ ಅಲ್ಪ ಸಂಗತಿಯಲ್ಲ ಎನ್ನುತ್ತದೆ ಅದು. ಬದುಕಿ ಬಂದವನ ಹಾಡಿನಲ್ಲಿ, ಹರಕೆಯ ಎರಡು ಮಾತುಗಳ ನಡುವೆಯೇ, ಬದುಕದೆ ಹೋದ ಭಕ್ತರಿಗೆ ಜಾಗ ಇದೆ. ಅವರನ್ನು ಹೊರಗೆ ನಿಲ್ಲಿಸಿ ಆ ಕೀರ್ತನೆಯನ್ನು ಓದಿ ಮುಗಿಸಲು ಆಗುವುದಿಲ್ಲ. ಸಾವಿನ ಮನೆಯಲ್ಲಿ ಆ ವಚನವನ್ನು ಒಂಟಿಯಾಗಿ ಎಷ್ಟೋ ಸಲ ಕೇಳಿದ್ದೇನೆ. ಅದು ಕೃತಜ್ಞತೆಯ ಹಾಡಿನ ನಡುವೆ ಕೂತಿದೆ ಎನ್ನುವುದನ್ನು ಗಮನಿಸಿದ್ದು ಅಂದೇ.

ಎರಡನೆಯದು ಯಾಜಕಕಾಂಡದ 7ನೇ ಅಧ್ಯಾಯ. ಕೃತಜ್ಞತೆಗಾಗಿ ತಂದ ಸಮಾಧಾನಯಜ್ಞದ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಏನೂ ಉಳಿಸಬಾರದು ಎಂಬ ನಿಯಮ ಅಲ್ಲಿದೆ. ಜೊತೆಗೆ ರೊಟ್ಟಿಗಳೂ ಇರುತ್ತಿದ್ದವು. ನೆರೆಯವರನ್ನು ಕರೆಯಿರಿ ಎಂದು ಅಲ್ಲಿ ಬರೆದಿಲ್ಲ. ಆದರೆ ಒಂದು ಇಡೀ ಪಶುವನ್ನು ಒಂದು ಮನೆಯವರು ಒಂದು ದಿನದಲ್ಲಿ ಹೇಗೆ ತಿಂದಾರು? ಕರೆಯಲೇಬೇಕು. ಕೃತಜ್ಞತೆಯನ್ನು ಕಟ್ಟಿಡಲು, ಉಪ್ಪು ಹಾಕಿ ನಾಳೆಗೆ ಇಡಲು ದಾರಿಯೇ ಇರಲಿಲ್ಲ. "ನಿಮ್ಮ ಊಟ ಮೊದಲು ಮುಟ್ಟಬೇಕಾದ ಮನೆ ಯಾವುದು?" ಎಂದು ಅಯ್ಯನವರು ಕೇಳಿದರು. ಅಣ್ಣ ಹಿಂದಿನ ಬಾಗಿಲ ಕಡೆ ನೋಡಿದರು.

ಅತ್ತಿಗೆಯ ಭಯದ ಬಗ್ಗೆಯೂ ಅಯ್ಯನವರು ನೇರವಾಗಿ ಮಾತಾಡಿದರು. ನಿಮ್ಮ ಹರಕೆಯನ್ನು ನೋಡಿ ದೇವರು ಇವರನ್ನು ಉಳಿಸಿದ್ದಲ್ಲ, ತಂಗಿ ಹರಕೆ ಹೇಳಲಿಲ್ಲವೆಂದು ಅವಳ ಗಂಡನನ್ನು ಕರೆದುಕೊಂಡದ್ದೂ ಅಲ್ಲ. ನಾವು ಕೊಡುವುದಕ್ಕೆ ಪ್ರತಿಯಾಗಿ ದೇವರು ಕೊಡುವುದಾದರೆ ಅದನ್ನು ಕೃಪೆ ಎಂದು ಕರೆಯುವುದು ಯಾಕೆ? ಅತ್ತಿಗೆ ಪೂರ್ತಿ ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ಕೂಟದ ರೂಪ ಬದಲಿಸಲು ಒಪ್ಪಿದರು.

ತಂಗಿಯ ಹತ್ತಿರ ಹೋದದ್ದು

ಇದು ಎಲ್ಲಕ್ಕಿಂತ ಕಷ್ಟದ ಭಾಗ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಹೌದು. ಅಣ್ಣ ಒಬ್ಬರೇ ಹೋದರು. ಹೆಂಡತಿಯನ್ನಾಗಲಿ ಅಯ್ಯನವರನ್ನಾಗಲಿ ಜೊತೆಗೆ ಕರೆದುಕೊಳ್ಳಲಿಲ್ಲ. ಆ ಸಾಲು ತಪ್ಪು, ಅದನ್ನು ತೆಗೆಸಿದ್ದೇನೆ ಎಂದರು. ಕೂಟ ಬೇಡ ಎಂದರೆ ಬೇಡ, ನೀನು ಹೇಳಿದ ಹಾಗೆ ಅಂದರು.

ತಂಗಿ ಬೇಡ ಎನ್ನಲಿಲ್ಲ. "ಮಾಡಿ ಬಾವ. ಅವರ ಹೆಸರು ಹೇಳಿ. ಆದರೆ ನನಗೆ ಸ್ತೋತ್ರ ಹೇಳಲು ಹೇಳಬೇಡಿ" ಅಂದರು.

ಅದು ಅವರು ಹಾಕಿದ ಒಂದೇ ಷರತ್ತು. ದುಃಖದಲ್ಲಿರುವವರ ಬಾಯಿಂದ "ಎಲ್ಲಾ ದೇವರ ಚಿತ್ತ" ಎಂದು ಹೇಳಿಸಿಕೊಂಡರೆ ನಮ್ಮಂಥ ನೋಡುವವರಿಗೆ ಸಮಾಧಾನ ಆಗುತ್ತದೆ. ಹೇಳಿದವರಿಗೆ ಅಲ್ಲ. ನಾಲ್ಕು ದಿನ ಮೊದಲು ರಕ್ತ ಪರೀಕ್ಷೆ ಆಗಿದ್ದರೆ ಉಳಿಯಬಹುದಾಗಿದ್ದ ಜೀವ ಅದು. ಶವದ ಮುಂದೆ ನಿಂತು ಅದಕ್ಕೆ ದೇವರ ಚಿತ್ತ ಎಂದು ಬೇಗ ಹೆಸರಿಟ್ಟು ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. 13ನೇ ಕೀರ್ತನೆ ಇನ್ನೆಷ್ಟರವರೆಗೆ ಎಂದು ದೇವರನ್ನೇ ಕೇಳುತ್ತಾ ಶುರುವಾಗುತ್ತದೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೂ ಸ್ತೋತ್ರಕ್ಕೆ ಬರುವುದಿಲ್ಲ. ಅದೂ ಸತ್ಯವೇದದಲ್ಲಿದೆ, ಅದನ್ನೂ ದೇವರ ಮುಂದೆಯೇ ಹೇಳಿದ್ದು.

ಕೂಟ

ನೂರಾರು ಜನರಿಗೆ ಪೆಂಡಾಲ್ ಹಾಕುವ ಯೋಚನೆ ಬಿಟ್ಟರು. ಆಸ್ಪತ್ರೆಗೆ ಓಡಾಡಿದವರು, ರಕ್ತ ಕೊಟ್ಟವರು, ಎರಡೂ ಸಲ ಜಗಲಿಯಲ್ಲಿ ಪ್ರಾರ್ಥಿಸಿದವರು, ಪಕ್ಕದ ಬಾಯಮ್ಮ, ಗದ್ದೆಯ ಕೆಲಸದ ಹೆಂಗಸರು, ಇಷ್ಟೇ ಜನ. ರಕ್ತ ಕೊಟ್ಟವರಲ್ಲಿ ಇಬ್ಬರು ರಿಕ್ಷಾ ಸ್ಟ್ಯಾಂಡಿನ ಹುಡುಗರು, ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಅವರೂ ಬಂದರು.

ಮೊದಲು 13ನೇ ಕೀರ್ತನೆ ಓದಿದರು, ಆಮೇಲೆ 116. ಅಣ್ಣ ಸಾಕ್ಷಿ ಹೇಳಲು ಎದ್ದರು. ಆಪರೇಷನ್ ಕತೆ ಹೇಳುತ್ತಾರೆ ಎಂದುಕೊಂಡಿದ್ದೆವು. ಅವರು ತಮ್ಮನ ಬಗ್ಗೆ ಹೇಳಿದರು. ರಿಕ್ಷಾ ಎಷ್ಟು ಜೋರಾಗಿ ಓಡಿಸಿದ, ಯಾರ್ಯಾರಿಗೆ ಫೋನ್ ಮಾಡಿದ, ಚಾಪೆ ಎಲ್ಲಿ ಹಾಸಿದ, ತಾನು ಎಚ್ಚರಾದಾಗ ಮೊದಲು ಕಂಡ ಮುಖ ಯಾರದ್ದು ಎಂದೆಲ್ಲ. "ದೇವರು ನನಗೆ ಉಪಕಾರ ಮಾಡಿದ್ದು ಇವನ ಕೈಯಿಂದ" ಎಂದು ಕೂತರು. ಕೃತಜ್ಞತೆ ಎಂದರೆ ಹೀಗೆ ಹೆಸರು ಹಿಡಿದು ಹೇಳಬೇಕು. ಸುಮ್ನೆ "ಎಲ್ಲದಕ್ಕೂ ಸ್ತೋತ್ರ" ಎಂದರೆ ಆ ಚಾಪೆಗೆ ಅಲ್ಲಿ ಜಾಗ ಸಿಗುತ್ತಿರಲಿಲ್ಲ.

ತಂಗಿ ಪ್ರಾರ್ಥನೆಗೆ ಕೂರಲಿಲ್ಲ. ಅಡುಗೆಮನೆಯಲ್ಲಿದ್ದರು. ಕೋರಿ ರೊಟ್ಟಿಯ ಸಾರಿಗೆ ಕಾಯಿ ತುರಿಯುತ್ತಾ ಬಾಗಿಲಿನಿಂದ ಎಲ್ಲವನ್ನೂ ಕೇಳಿಸಿಕೊಂಡರು. ಊಟ ಬಡಿಸಿದರು, ತಾವೂ ತಿಂದರು. ಉಳಿದದ್ದನ್ನು ಸಂಜೆಯೇ ಕೆಲಸದವರ ಮನೆಗಳಿಗೆ ಕಳಿಸಿದರು.

ಆಮೇಲೆ ಆದದ್ದು

ಅಣ್ಣ ಮಾತ್ರೆಯನ್ನು ಸರಿಯಾಗಿ ತಗೊಳ್ಳಲು ಶುರು ಮಾಡಿದರು. ಮರುವಾರವೇ ಹಿಂದಿನ ಮನೆಯ ಮಗನನ್ನು ಕರೆದುಕೊಂಡು ಬೆಳಗಿನ ನಡಿಗೆಗೆ ಹೊರಟರು.

ತಂಗಿ ಚರ್ಚಿಗೆ ಬಂದದ್ದು ಅಕ್ಟೋಬರ್ ಕೊನೆಗೆ. ಬೆಳೆ ಹಬ್ಬಕ್ಕೆ ಎಲ್ಲರೂ ಬಾಳೆಗೊನೆ, ತೆಂಗಿನಕಾಯಿ, ಸೌತೆ, ಕೋಳಿ ತಂದು ಏಲಂಗೆ ಇಟ್ಟಾಗ ಅವರು ಏನೂ ತರಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳದೆ ಇದ್ದದ್ದು ಆ ವರ್ಷ ನಮ್ಮ ಸಭೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು ಎಂದು ನಾನು ಎಣಿಸುತ್ತೇನೆ. ರಾತ್ರಿಯ ಪ್ರಾರ್ಥನೆಗೆ ಜಗಲಿಗೆ ಬಂದರೂ ಸ್ತೋತ್ರದ ಸರದಿ ಬಂದಾಗ ಸುಮ್ಮನಿರುತ್ತಿದ್ದರು. ಸರದಿ ಮುಂದಿನವರಿಗೆ ಹೋಗುತ್ತಿತ್ತು.

ಮರುವರ್ಷದ ಜುಲೈಯಲ್ಲಿ ಅವರ ಗದ್ದೆಗೆ ನೇಜಿ ನೆಡಲು ಬರುವ ಹೆಂಗಸೊಬ್ಬರಿಗೆ ಜ್ವರ, ಕಾಲು ನೋವು. ತಂಗಿ ಎರಡನೇ ದಿನವೇ ಅವರನ್ನು ರಿಕ್ಷಾ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗದ್ದೆಯಲ್ಲಿ ಕೆಲಸ ಮಾಡಿದ್ದಾರೆ, ಇಲಿ ಜ್ವರದ ಪರೀಕ್ಷೆ ಮಾಡಿ ಎಂದು ತಾವೇ ಹೇಳಿದರು. ಇಲಿ ಜ್ವರವೇ ಆಗಿತ್ತು. ಹೆಂಗಸು ಗುಣವಾಗಿ ಮನೆಗೆ ಬಂದರು.

ಆ ಭಾನುವಾರ ಕಾಣಿಕೆಯ ಜೊತೆ ಒಂದು ಕವರ್ ಬಂತು. ಸ್ತೋತ್ರ ಕಾಣಿಕೆ ಕೊಟ್ಟವರ ಹೆಸರು, ಕಾರಣ ಎರಡನ್ನೂ ನಮ್ಮಲ್ಲಿ ಓದುತ್ತಾರೆ. ಕವರಿನ ಮೇಲೆ ತಂಗಿಯ ಹೆಸರಿತ್ತು. ಕೆಳಗೆ, ನಮ್ಮ ಗದ್ದೆಯ ಕೆಲಸದವರಿಗೆ ಬೇಗ ಔಷಧಿ ಸಿಕ್ಕಿದ್ದಕ್ಕಾಗಿ ಎಂದು ಬರೆದಿತ್ತು. ತನ್ನ ಗಂಡನಿಗೆ ಸಿಗದೆ ಹೋದದ್ದು ಇನ್ನೊಬ್ಬರಿಗೆ ಸಿಕ್ಕಿತು ಎಂದು ಅವರು ದೇವರಿಗೆ ಕೃತಜ್ಞತೆ ಹೇಳಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಇಷ್ಟು ದೊಡ್ಡ ಸ್ತೋತ್ರವನ್ನು ನಾನು ಕೇಳಿದ್ದು ಕಡಿಮೆ.

ಸಭೆಯಲ್ಲಿ ಎರಡು ಬದಲಾವಣೆ ಆಗಿದೆ. ಕೃತಜ್ಞತಾ ಕೂಟದ ಆಮಂತ್ರಣವನ್ನು ಗುಂಪಿಗೆ ಹಾಕುವ ಮೊದಲು ಹಿರಿಯರೊಬ್ಬರು ಓದುತ್ತಾರೆ. ಇದು ಜಾಸ್ತಿಯಾಯಿತು, ಸಂತೋಷಕ್ಕೂ ಅನುಮತಿ ಬೇಕಾ ಎಂದು ಒಬ್ಬ ಹಿರಿಯರು ಈಗಲೂ ವಾದ ಮಾಡುತ್ತಾರೆ. ಅವರ ಮಾತಿನಲ್ಲಿ ನ್ಯಾಯ ಇಲ್ಲದೆ ಇಲ್ಲ. ನಿಯಮ ಮಾಡಿ ಪ್ರೀತಿ ಕಲಿಸಲಾಗದು. ಆದರೂ ಆ ಓದು ಇರಲಿ ಎಂದೇ ನಾನು ಹೇಳುತ್ತೇನೆ. ಇನ್ನೊಂದು ಬದಲಾವಣೆಗೆ ವಿರೋಧ ಬರಲಿಲ್ಲ. ಜೂನ್‌ನಲ್ಲಿ ಗದ್ದೆ ಕೆಲಸ ಶುರುವಾಗುವ ಮೊದಲಿನ ಭಾನುವಾರ ಅಯ್ಯನವರು ರೈತರಿಗಾಗಿ ಪ್ರಾರ್ಥಿಸಿದ ಮೇಲೆ ತಂಗಿ ಎದ್ದು ನಾಲ್ಕು ಮಾತು ಹೇಳುತ್ತಾರೆ. ಕಾಲಲ್ಲಿ ಗಾಯ ಇದ್ದರೆ ಮುಚ್ಚಿಕೊಳ್ಳಿ, ಬೂಟು ಹಾಕಿ. ಜ್ವರ ಬಂದರೆ ಮನೆಯಲ್ಲೇ ಮಾತ್ರೆ ತಿಂದು ಕಾಯಬೇಡಿ. ಗದ್ದೆಗೆ ಇಳಿದಿದ್ದೆ ಎಂದು ಡಾಕ್ಟರಿಗೆ ಹೇಳಿ. ರಿಕ್ಷಾ ಬೇಕಾದರೆ ನನ್ನ ಮಗನಿಗೆ ಫೋನ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ.